ಬಾಗಿಲು ಕಾಯುವ ಕೆಲಸ

ರೋಗ ಬಂದರೆ ವೈದ್ಯರಿದ್ದಲ್ಲಿಗೆ ನಾವು ಹೋಗುವುದು, ಹೋಗಲಾರದಿದ್ದರೆ ವೈದ್ಯರನ್ನು ನಮ್ಮಲ್ಲಿಗೆ ಕರೆತರುವುದು. ನಮ್ಮ ಹಿರಿಯರು ಬಲ್ಲ ದಾರಿಗಳು ಈ ಎರಡೇ. ರೋಗಿ ತನ್ನ ಮನೆಯಲ್ಲಿಯೂ ಚಿಕಿತ್ಸಕರು ಬೇರೊಂದು ಊರಿನಲ್ಲಿ ತಮ್ಮ ಕೋಣೆಯಲ್ಲಿಯೂ ಕುಳಿತು, ನಡುವೆ ನೂರೈವತ್ತು ಕಿಲೋಮೀಟರಿಗೂ ಮಿಕ್ಕ ನೆಲವಿರುವಾಗ ಚಿಕಿತ್ಸೆ ನಡೆಯುತ್ತದೆಯೆಂದು ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಮುರಿದ ಮೂಳೆಗೆ ಈ ಕ್ರಮ ಒದಗತಕ್ಕದ್ದೂ ಅಲ್ಲ. ಆದರೆ ಮನಸ್ಸಿನ ಬೇನೆಯ ವಿಚಾರ ಬೇರೆ. ಅಲ್ಲಿ ಚಿಕಿತ್ಸೆಯ ಬಹುಭಾಗ ಮಾತು. ಮಾತಾದರೋ ಬಹುಕಾಲದಿಂದ ದೂರ ಪ್ರಯಾಣ ಮಾಡುತ್ತಲೇ ಇದೆ. ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ಪ್ರಸಿದ್ಧ ವೃತ್ತಾಂತವೊಂದರಲ್ಲಿ, ಕುದುರೆಗೆ ಹೆದರುತ್ತಿದ್ದ ಪುಟ್ಟ ಹುಡುಗನ ಚಿಕಿತ್ಸೆ ನಡೆದುದು ಬಹುಮಟ್ಟಿಗೆ ಹುಡುಗನ ತಂದೆಯ ಮೂಲಕ, ಆತ ಬರೆದು ಒಪ್ಪಿಸುತ್ತಿದ್ದ ವಿವರಗಳ ಆಧಾರದಿಂದ. ಕಾಗದದ ಕಾಲ ಹೋಗಿ ದೂರವಾಣಿ ಬಂದಿತು. ದೂರವಾಣಿಗೆ ಈಗ ಮುಖವೂ ಬಂದಿದೆ.

ಈ ವಿಷಯವಾಗಿ ಬರೆಯಲು ನನಗಿರುವ ಅಧಿಕಾರ ಅಲ್ಪ. ನಾನು ವೈದ್ಯನಲ್ಲ, ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಕನ್ನಡ ಕಲಿಸಿದವನು. ಆದರೆ 2023ರಲ್ಲಿ ಏಳು ತಿಂಗಳ ಕಾಲ, ವಾರಕ್ಕೊಂದು ಸಂಜೆ, ಬದನವಾಳಿನಲ್ಲಿ ನನ್ನ ಅಕ್ಕನ ಮನೆಯ ಒಂದು ಕೋಣೆಯ ಹೊರಗೆ ಕುಳಿತು ಬಾಗಿಲು ಕಾದಿದ್ದೇನೆ. ಒಳಗೆ ಅಕ್ಕನ ಮಗಳು ಬೆಂಗಳೂರಿನ ಆಪ್ತಸಲಹೆಗಾರ್ತಿಯೊಬ್ಬರೊಡನೆ ಮೊಬೈಲಿನಲ್ಲಿ ಮುಖ ನೋಡುತ್ತ ಮಾತನಾಡುತ್ತಿದ್ದಳು. ಏನು ಮಾತನಾಡಿದಳೆಂಬುದು ನನಗೆ ಇಂದಿಗೂ ತಿಳಿಯದು. ಹೊರಗೆ ಕುಳಿತವನಿಗೆ ತಿಳಿದಷ್ಟನ್ನು, ಆಮೇಲೆ ಅವಳೇ ಹೇಳಿ ಬರೆಯಬಹುದೆಂದು ಒಪ್ಪಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವವರು ಬದನವಾಳನ್ನು ಬಲ್ಲರು. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರದಿಂದ ಆ ಊರಿಗೆ ಹೆಸರು. ನನ್ನ ಅಕ್ಕ ಅಲ್ಲಿ ನೂಲು ತೆಗೆಯುವ ಕೆಲಸಕ್ಕೆ ಹೋಗಿ ಮಗಳನ್ನು ಓದಿಸಿದವಳು. ಓದಿ ಬೆಂಗಳೂರಿನಲ್ಲಿ ಕೆಲಸ ಹಿಡಿದಿದ್ದ ಹುಡುಗಿ 2022ರ ಕಡೆಯಲ್ಲಿ ರಜೆಗೆಂದು ಬಂದವಳು ಹಿಂದಿರುಗಲಿಲ್ಲ. ನಿದ್ರೆ ತಪ್ಪಿತು, ಅನ್ನ ಸೇರದಾಯಿತು, ನಡುರಾತ್ರಿ ಎದ್ದು ಕುಳಿತು ಎದೆ ಹಿಡಿದುಕೊಂಡು, ಈಗಲೇ ಸತ್ತುಹೋಗುತ್ತೇನೆಂದು ಬೆವರುವಳು. ಮೈಸೂರಿಗೆ ಕರೆದೊಯ್ದು ಹೃದಯದ ಪರೀಕ್ಷೆ ಮಾಡಿಸಿದೆವು. ಹೃದಯ ನೆಟ್ಟಗಿದೆಯೆಂದು ತಿಳಿಸಿದ ವೈದ್ಯರು, ಮನೋವೈದ್ಯರನ್ನು ಕಾಣಿರೆಂದು ಚೀಟಿ ಬರೆದುಕೊಟ್ಟರು. ಅಕ್ಕ ಆ ಚೀಟಿಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳೇ ಹೊರತು ಯಾರಿಗೂ ತೋರಿಸಲಿಲ್ಲ.

ಅಕ್ಕನನ್ನು ನಾನು ಆಕ್ಷೇಪಿಸುವುದಿಲ್ಲ. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಮೊದಲಾದ ಸಂಸ್ಥೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿ, 1974ರಲ್ಲಿ ನಿಮ್ಹಾನ್ಸ್ ಆಗಿ ಲೋಕಪ್ರಸಿದ್ಧವಾಯಿತು; ಆದರೆ ನಮ್ಮ ಕಡೆಯಲ್ಲಿ ಒಬ್ಬರನ್ನು ಬೈಯಬೇಕಾದರೆ ಇಂದಿಗೂ ಆ ಹೆಸರನ್ನೇ ಎತ್ತುತ್ತಾರೆ. ಮೈಸೂರಿನ ತ್ರಿವೇಣಿಯವರು 'ಶರಪಂಜರ'ದಲ್ಲಿ ಚಿತ್ರಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ರೋಗವಲ್ಲ, ಸುತ್ತಲಿನವರ ನೋಟ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಿತ್ರ ಮಾಡಿದಮೇಲೆ ಓದುಬಾರದವರೂ ಅವಳಿಗಾಗಿ ಅತ್ತರು. ಚಿತ್ರಮಂದಿರದಲ್ಲಿ ಅತ್ತವರು ತಮ್ಮ ಬೀದಿಯ ಕಾವೇರಿಯನ್ನು ಕಂಡಾಗ ಹೇಗೆ ನಡೆದುಕೊಂಡರೆಂಬುದು ಬೇರೆ ಮಾತು.

ಒಂದು ರಾತ್ರಿ ಹುಡುಗಿ ತಾಯಿಯ ಮುಂದೆ, ತಾನಿದ್ದು ಯಾರಿಗೂ ಪ್ರಯೋಜನವಿಲ್ಲವೆಂದಳು. ಅಕ್ಕ ನನಗೆ ಕರೆ ಮಾಡಿದಳು. ನಾನು 14416ಕ್ಕೆ ಕರೆ ಮಾಡಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಮೊದಲುಮಾಡಿದ 'ಟೆಲಿ ಮಾನಸ್' ಎಂಬ ಸಹಾಯವಾಣಿಯ ಸಂಖ್ಯೆ ಅದು. ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಿ. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿಯೆನ್ನದೆ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತನಾಡುತ್ತಾರೆ. ಅವರ ಕೈಮೀರಿದುದನ್ನು ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಎದುರಿಗೇ ಕಾಣಬೇಕಾದವರಿಗೆ ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ. ಆ ರಾತ್ರಿ ಮಾತನಾಡಿದ ಹೆಣ್ಣುಮಗಳು ನನ್ನನ್ನು ಮೊದಲು ಕೇಳಿದುದು, ಹುಡುಗಿ ಈಗ ಒಬ್ಬಳೇ ಇರುವಳೋ, ಪಕ್ಕದಲ್ಲಿ ಯಾರಾದರೂ ಇರುವರೋ ಎಂದು. ಮನೆಯಲ್ಲಿರುವ ಕ್ರಿಮಿನಾಶಕವನ್ನು ಈಗಲೇ ತೆಗೆದು ಬೇರೆಡೆ ಇಡಿಸಿರೆಂದರು. ಬಳಿಕ ಹುಡುಗಿಗೇ ಕರೆ ಮಾಡಿ ಸುಮಾರು ಮುಕ್ಕಾಲು ಗಂಟೆ ಅವಳೊಡನೆ ಮಾತನಾಡಿದರು. ಬೆಳಗಾದಮೇಲೆ ಸೆರಗಿನ ಚೀಟಿ ಬಿಚ್ಚಿತು. ಮೈಸೂರಿನ ಮನೋವೈದ್ಯರನ್ನು ಎದುರಿಗೇ ಕಂಡೆವು. ಔಷಧವನ್ನು ಅವರು ಬರೆದರು. ವಾರವಾರವೂ ನಡೆಯಬೇಕಾದ ಮಾತಿನ ಚಿಕಿತ್ಸೆಯನ್ನು ದೂರದಿಂದಲೇ ಪಡೆಯಬಹುದೆಂದರು. ಬೇಗುದಿ, ಖಿನ್ನತೆಗಳಂಥ ಬೇನೆಗಳಿಗೆ ಹೀಗೆ ದೂರದಿಂದ ನಡೆಸುವ ಚಿಕಿತ್ಸೆ ಎದುರಿಗೆ ಕುಳಿತು ನಡೆಸುವುದಕ್ಕೆ ಹೆಚ್ಚುಕಡಮೆ ಸಮನಾದ ಫಲ ಕೊಡುತ್ತದೆಯೆಂಬುದು ಅನೇಕ ಪರೀಕ್ಷೆಗಳಿಂದ ತಿಳಿದುಬಂದಿದೆಯಂತೆ.

ಮೊದಲ ಪ್ರಯತ್ನ ಕೈಗೂಡಲಿಲ್ಲ. ಹೆಸರು ಹೇಳಬೇಕಾಗಿಲ್ಲದ ಒಂದು ಕಂಪೆನಿಗೆ ಹಣ ಕಟ್ಟಿದೆವು. ಮೂರು ವಾರದಲ್ಲಿ ಮೂರು ಮಂದಿ ಸಲಹೆಗಾರರು ಬದಲಾದರು. ಪ್ರತಿ ಸಲವೂ ಅವಳು ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು, ಅದೂ ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ದಿನವೆಲ್ಲ ಇಂಗ್ಲಿಷಾಡುತ್ತಿದ್ದವಳು ಅವಳು; ಆದರೂ "ಮಾವ, ಇಂಗ್ಲಿಷಲ್ಲಿ ಹೇಳ್ತಿದ್ರೆ ಅದು ಬೇರೆ ಯಾರದ್ದೋ ಕಥೆ ಹೇಳಿದಂಗಿರುತ್ತೆ" ಎಂದಳು. ಅನಂತರ ಸಿಕ್ಕಿದವರು ಕನ್ನಡದವರು. ಆಪ್ತಸಲಹೆಗಾರರೆಂಬ ಹಲಗೆಯನ್ನು ಯಾರು ಬೇಕಾದರೂ ತೂಗುಹಾಕಿಕೊಳ್ಳುವುದನ್ನು ಕಾಣುತ್ತಿದ್ದೇವೆ. ಆದುದರಿಂದ ಓದಿದುದು ಎಲ್ಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಮೊದಲೇ ವಿಚಾರಿಸಿದೆವು. ಕೇಳಿದುದಕ್ಕೆ ಆಕೆ ಬೇಸರಪಡದೆ ಎಲ್ಲವನ್ನೂ ತಿಳಿಸಿದರು. ಬೇಸರಪಟ್ಟಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು.

ಮೊದಲ ಭೇಟಿಯಲ್ಲಿ ಚಿಕಿತ್ಸೆಯೇನೂ ನಡೆಯಲಿಲ್ಲವೆಂದು ಹುಡುಗಿಗೆ ನಿರಾಶೆಯಾಯಿತು. ಊರು, ವಿಳಾಸ, ಈ ಹೊತ್ತು ಎಲ್ಲಿ ಕುಳಿತಿದ್ದೀಯೆ, ಅಪಾಯದ ಕಾಲದಲ್ಲಿ ಯಾರನ್ನು ಕರೆಯಬೇಕು ಇವೇ ಪ್ರಶ್ನೆಗಳು. ದೂರದಲ್ಲಿರುವವರು ಎದ್ದು ಬಂದು ಕೈ ಹಿಡಿಯಲಾರರು. ಆದುದರಿಂದ ಹತ್ತಿರದ ಕೈ ಯಾವುದೆಂದು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಅಲ್ಲಿ ನನ್ನ ಹೆಸರು ಬರೆಯಲ್ಪಟ್ಟಿತು. ಹೇಳಿದುದನ್ನೆಲ್ಲ ಗುಟ್ಟಾಗಿಡುವುದಾಗಿಯೂ, ಜೀವಕ್ಕೆ ಅಪಾಯ ಕಂಡರೆ ಮಾತ್ರ ಅದನ್ನು ಮೀರಬೇಕಾಗುವುದೆಂದೂ ಆಕೆ ತಿಳಿಸಿದರು. ಇದು ಅವರ ಔದಾರ್ಯವಲ್ಲ. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯಿದೆ ರೋಗಿಗೆ ಕೊಟ್ಟಿರುವ ಹಕ್ಕು. ಒಂದೊಂದು ಭೇಟಿಯೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸಲಹೆಯೆಂಬ ಹೆಸರಿದ್ದರೂ ಹೀಗೆ ಮಾಡು, ಹಾಗೆ ಮಾಡಬೇಡವೆಂಬ ಉಪದೇಶ ಅಲ್ಲಿರಲಿಲ್ಲ. ಬದಲಾಗಿ ಮನೆಗೆಲಸ ಕೊಡುತ್ತಿದ್ದರು! ಎದೆ ಬಡಿದುಕೊಂಡಾಗ ಮನಸ್ಸಿಗೆ ಬಂದ ಯೋಚನೆಯೇನು, ಅದಕ್ಕೆ ಆಧಾರವೇನು, ಆಧಾರವಿಲ್ಲದುದು ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು. ಭಯದಿಂದ ಬಿಟ್ಟಿದ್ದ ಕೆಲಸಗಳಲ್ಲಿ ಚಿಕ್ಕದೊಂದನ್ನು ವಾರದೊಳಗೆ ಮಾಡಬೇಕು. ಒಂದು ವಾರ ಅವಳ ಪಾಠ, ಒಬ್ಬಳೇ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿ ಬರುವುದಾಗಿತ್ತು. ಹೋಗಿ ಬಂದಳು, ಕೈಯಲ್ಲಿ ಒಂದು ಚಿಪ್ಪು ರಸಬಾಳೆ ಇತ್ತು.

ಮೂರನೆಯ ನಾಲ್ಕನೆಯ ವಾರಗಳಲ್ಲಿ ಅವಳ ಸ್ಥಿತಿ ಮೊದಲಿಗಿಂತ ಕೆಟ್ಟಂತೆ ತೋರಿತು. ಬಾಗಿಲು ತೆರೆದು ಬಂದವಳು ಯಾರೊಡನೆಯೂ ಮಾತನಾಡದೆ ಮಲಗಿಬಿಡುವಳು. ಇದನ್ನು ಮನೆಯವರು ಮುಂದಾಗಿ ತಿಳಿದಿರುವುದು ಒಳ್ಳೆಯದು. ಕಟ್ಟಿಟ್ಟುದನ್ನು ಬಿಚ್ಚಿದ ದಿನ ದಣಿವಾಗುತ್ತದೆ. ಅನೇಕರು ಇಲ್ಲಿಯೇ ಬಿಟ್ಟುಬಿಡುತ್ತಾರೆಂದು ಆಕೆಯೇ ಮೊದಲು ಎಚ್ಚರಿಸಿದ್ದರಂತೆ.

ಇನ್ನು ಬಾಗಿಲಿನ ವಿಚಾರ. ಈ ಚಿಕಿತ್ಸೆಗೆ ಮೊಬೈಲು ಬೇಕು, ತರಂಗ ಸಿಕ್ಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಂದು ಬಾಗಿಲು ಬೇಕೆಂದು ಯಾರೂ ಹೇಳುವುದಿಲ್ಲ. ಆಸ್ಪತ್ರೆಗೆ ಹೋದರೆ ಕೋಣೆಯನ್ನು ಅವರೇ ಕೊಡುತ್ತಾರೆ. ದೂರದ ಚಿಕಿತ್ಸೆಯಲ್ಲಿ ಕೋಣೆಯನ್ನು ರೋಗಿಯೇ ಒದಗಿಸಿಕೊಳ್ಳಬೇಕು. ಹಳ್ಳಿಯ ಹೆಂಚಿನ ಮನೆಯಲ್ಲಿ ಬೀದಿಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಕದವುಂಟು. ನಡುವೆ ಇರುವುದೆಲ್ಲ ಎಲ್ಲರದು. ಒಬ್ಬರು ಮಾತನಾಡಿದರೆ ಹತ್ತು ಜನ ಕೇಳಬೇಕೆಂದೇ ಅದನ್ನು ಕಟ್ಟಿದಂತಿದೆ. ಅಕ್ಕನ ಮನೆಯಲ್ಲಿ ಮೊಬೈಲಿಗೆ ತರಂಗ ಸಿಕ್ಕುತ್ತಿದ್ದುದು ರಾಗಿ ಮೂಟೆ ಇಡುವ ಕೋಣೆಯೊಂದರಲ್ಲಿಯೇ; ಅದಕ್ಕಿದ್ದುದು ಹಳೆಯ ಸೀರೆಯ ಪರದೆ. ಬಡಗಿಯನ್ನು ಕರೆಸಿ ಕದವಿಡಿಸಿ ಒಳಗಡೆಗೆ ಚಿಲಕ ಹಾಕಿಸಿದೆವು. ಅವಳು ಕಿವಿಗೆ ತಂತಿ ಸಿಕ್ಕಿಸಿಕೊಳ್ಳುವಳು. ನಾನು ಹೊರಗೆ ರೇಡಿಯೋ ಹಚ್ಚಿ ಕೂರುವೆನು. ನೆರೆಯವರು ಬಂದರೆ, "ಮಗು ಕಚೇರಿ ಕೆಲಸದಲ್ಲಿದೆ" ಎನ್ನುವೆನು.

ನೆರೆಯವರಿಗಿಂತ ಅಕ್ಕನನ್ನು ತಡೆಯುವುದು ಕಷ್ಟವಾಯಿತು. "ಹೆತ್ತೋಳು ನಾನು. ನನಗೆ ಹೇಳಬಾರದ್ದು ಆ ಬೆಂಗಳೂರಿನೋಳಿಗೆ ಏನಪ್ಪಾ ಹೇಳ್ತಾಳೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. "ಅಕ್ಕ, ನಿನಗೆ ಹೇಳಿದರೆ ನೀನು ಅಳ್ತೀಯ. ಆಗ ಅವಳು ತನ್ನ ಸಂಕಟ ಬಿಟ್ಟು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತೆ" ಎಂದೆ. ಅಕ್ಕ ಉತ್ತರ ಹೇಳಲಿಲ್ಲ. ಎದ್ದುಹೋಗಿ ಕಾಫಿಗೆ ನೀರಿಟ್ಟಳು. ಅಂದಿನಿಂದ ಆ ಒಂದು ಗಂಟೆ ಹಿತ್ತಿಲಿನಲ್ಲಿರುತ್ತಿದ್ದಳು.

ಇನ್ನೊಂದು ಮಾತನ್ನು ಬದನವಾಳಿನವನಾಗಿ ಹೇಳಬೇಕಾಗಿದೆ. 1993ರಲ್ಲಿ ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲಿ ಈ ಊರಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವೆ ಅಂದು ಮುಚ್ಚಿದ ಹಾದಿ 2022ರ ಅಕ್ಟೋಬರಿನಲ್ಲಿ, ಭಾರತ ಜೋಡೋ ಯಾತ್ರೆಯವರು ಬಂದಾಗ, ಮತ್ತೆ ತೆರೆಯಿತು. ಇಂಥ ಊರಿನಲ್ಲಿ ಒಬ್ಬರ ಹೆಸರಿಗಿಂತ ಮೊದಲು ತಿಳಿಯುವುದು ಅವರ ಬೀದಿ. ನಾವು ಯಾವ ಬೀದಿಯವರೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ವಾಚಕರು ಉಳಿದುದನ್ನೆಲ್ಲ ಅದರ ಮೂಲಕವೇ ಓದುವರು. ಆ ಆಪ್ತಸಲಹೆಗಾರ್ತಿ ಏಳು ತಿಂಗಳಲ್ಲಿ ಒಂದು ಸಲವೂ ಅದನ್ನು ಕೇಳಲಿಲ್ಲವೆಂದೂ, ತಾನೇ ಹೇಳಬೇಕೆನಿಸಿದ ದಿನ ಹೇಳಿದುದನ್ನು ಸುಮ್ಮನೆ ಕೇಳಿಕೊಂಡರೆಂದೂ ಹುಡುಗಿ ಹೇಳಿದಳು. ಊರಿನ ಯಾವ ಹಿರಿಯನೂ, ನಾನೂ ಸೇರಿ, ಅವಳಿಗೆ ಅಂಥ ಕಿವಿಯನ್ನು ಕೊಡಲಾರದವರು.

ಕೇಳುವ ಕಿವಿ ಮನುಷ್ಯರದೇ ಆಗಬೇಕೇ ಎಂಬುದು ಈಗಿನ ಪ್ರಶ್ನೆ. ಅಮೆರಿಕೆಯಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ವಿದ್ವಾಂಸರು 1966ರಲ್ಲಿಯೇ 'ಎಲಿಜಾ' ಎಂಬ ಗಣಕದ ಕಾರ್ಯಕ್ರಮವನ್ನು ರಚಿಸಿದ್ದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೆ ಅದರ ವಿದ್ಯೆ. ಅದು ರಚಿತವಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಒಂದು ದಿನ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿಗೆ ಅವರನ್ನು ಕೋಣೆಯಿಂದ ಹೊರಗೆ ಹೋಗಿರೆಂದಳಂತೆ. ಆಕೆಯೂ ಬಾಗಿಲನ್ನೇ ಕೇಳಿದಳು! ಇಂದಿನ ಯಂತ್ರಗಳು ಎಲಿಜಾಕ್ಕಿಂತ ಸಾವಿರಪಾಲು ಚತುರವಾಗಿ ಮಾತನಾಡುತ್ತವೆ. ನಿದ್ರೆ ಬಾರದ ರಾತ್ರಿ ಅವುಗಳೊಡನೆ ಮಾತನಾಡುವವರನ್ನು ನಾನು ಹಾಸ್ಯಮಾಡಲಾರೆ. ಆದರೆ ನಮ್ಮ ಹುಡುಗಿ ಆ ಮಾತಾಡಿದ ರಾತ್ರಿ, ಕ್ರಿಮಿನಾಶಕ ಎಲ್ಲಿದೆಯೆಂದು ಕೇಳಿ, ಅದನ್ನು ತೆಗೆಸಿದೆವೆಂದು ಉತ್ತರ ಬರುವವರೆಗೆ ಕಾದವರು ಒಬ್ಬ ಹೆಂಗಸು.

ಈ ಕ್ರಮ ಎಲ್ಲರಿಗೂ ಹೊಂದತಕ್ಕದ್ದಲ್ಲ. ಇಲ್ಲದ ದನಿ ಕೇಳುವವರನ್ನೂ, ಪ್ರಾಣಾಪಾಯದ ಅಂಚಿನಲ್ಲಿರುವವರನ್ನೂ ಎದುರಿಗೇ ನೋಡಬೇಕು. ಅಂಥ ಗಳಿಗೆಯಲ್ಲಿ 112ಕ್ಕೆ ಕರೆ ಮಾಡಬೇಕು, ಇಲ್ಲವೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರಲ್ಲದ ಸಲಹೆಗಾರರು ಔಷಧ ಬರೆಯಲಾರರು. ವೈದ್ಯರು ದೂರದಿಂದ ಬರೆಯಲು 2020ರ ಮಾರ್ಚಿ ತಿಂಗಳಲ್ಲಿ ಸರ್ಕಾರ ನಿಯಮಗಳನ್ನು ಮಾಡಿತಾದರೂ ಮಾದಕ ಗುಣದ ಔಷಧಗಳನ್ನು ಅದರಿಂದ ಹೊರಗಿಟ್ಟಿತು. ಇವೆಲ್ಲಕ್ಕಿಂತ ನನ್ನನ್ನು ಕಾಡುವವಳು, ತನ್ನನ್ನು ಹೊಡೆಯುವವನೇ ಬಾಗಿಲ ಹೊರಗೆ ಕುಳಿತಿರುವ ಮನೆಯ ಹೆಂಗಸು. ಅವಳ ಕೈಯಲ್ಲಿ ಮೊಬೈಲಿದ್ದು ಫಲವೇನು?

ಆರನೆಯ ತಿಂಗಳಲ್ಲಿ ಭೇಟಿ ಹದಿನೈದು ದಿನಕ್ಕೊಮ್ಮೆಯಾಯಿತು. ಏಳನೆಯ ತಿಂಗಳ ಕೊನೆಯಲ್ಲಿ, ಇನ್ನು ಬೇಕೆನಿಸಿದಾಗ ಬಾ ಎಂದು ಆಕೆ ಹೇಳಿದರು. ಹುಡುಗಿ ಈಗ ಮೈಸೂರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕೆಟ್ಟ ರಾತ್ರಿಗಳು ಪೂರ್ತಿ ನಿಂತಿಲ್ಲ. ಅವು ಬಂದಾಗ ಏನು ಮಾಡಬೇಕೆಂದು ಪುಸ್ತಕದಲ್ಲಿ ಅವಳ ಕೈಬರಹದಲ್ಲಿಯೇ ಇದೆ. ಅವಳ ಸುದ್ದಿ ತಿಳಿದು, ಊರಿನ ಇಬ್ಬರು ಹೆಂಗಸರು ಬೇರೆಬೇರೆಯಾಗಿ ಬಂದು ಅಕ್ಕನಿಂದ 14416 ಎಂದು ಬರೆಸಿಕೊಂಡು ಹೋದರು. ಅವರಲ್ಲೊಬ್ಬಳ ಮನೆಯಲ್ಲಿ ಇರುವುದು ಒಂದೇ ಅಂಕಣ, ಜನ ಆರು.

ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಮಧ್ಯಾಹ್ನದ ಹೊತ್ತಿನಲ್ಲಿ ಬಹುಮಟ್ಟಿಗೆ ಬರಿದಾಗಿರುತ್ತವೆ. ಅಲ್ಲಿಯ ಒಂದು ಮೂಲೆಗೆ ಹಲಗೆಯ ಗೋಡೆ, ಕದ, ಒಂದು ಕುರ್ಚಿ ಒದಗಿಸಿ, ಯಾರು ಏಕೆ ಬಂದರೆಂದು ಕೇಳದೆ ಒಂದು ಗಂಟೆ ಬಿಟ್ಟುಕೊಡುವುದು ಆಗದ ಕೆಲಸವೇನಲ್ಲ. ನಮ್ಮ ಸಂಘದವರು ತಾಲ್ಲೂಕಿನ ಯಾವುದಾದರೊಂದು ಪಂಚಾಯಿತಿಯೊಡನೆ ಮಾತನಾಡುವುದಾದರೆ, ಬಡಗಿಯ ಕೂಲಿಯನ್ನೂ ಚಿಲಕದ ಬೆಲೆಯನ್ನೂ ನಾನು ಕೊಡುತ್ತೇನೆ.