ಉಸಿರಾಡುವುದನ್ನೂ ಕಲಿಸಬೇಕೆ?

“ಉಸಿರಾಡೋದು ಕಲಿಸೋಕೆ ಮುನ್ನೂರು ರೂಪಾಯಿನಾ?”

ಅರಸೀಕೆರೆಯ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ತಂದೆಯೊಬ್ಬರು ಫೋನಿನಲ್ಲಿ ಮಗಳನ್ನು ಕೇಳಿದ ಪ್ರಶ್ನೆ ಇದು. ಮಗಳು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎಂ.ಎಸ್.ಡಬ್ಲ್ಯು. ಓದುತ್ತಿದ್ದಳು. ಕಾಲೇಜಿನಲ್ಲಿ ಎರಡು ದಿನಗಳ ಕಾರ್ಯಾಗಾರ ಏರ್ಪಾಡಾಗಿತ್ತು. ಮೊದಲ ದಿನ ವೃತ್ತಿ ಕೌಶಲ, ಎರಡನೆಯ ದಿನ ‘ಸ್ವಂತ ಆರೈಕೆ’. ಊಟ, ಚಹಾ, ಒಂದು ಫೈಲು, ಒಂದು ಪೆನ್ನು ಎಲ್ಲ ಸೇರಿ ಶುಲ್ಕ 300 ರೂಪಾಯಿ. ಆಹ್ವಾನ ಪತ್ರಿಕೆಯಲ್ಲಿ ‘ಉಸಿರಾಟದ ಅಭ್ಯಾಸ’ ಎಂಬ ಸಾಲು ಕಂಡದ್ದೇ ತಂದೆಯ ತಾಳ್ಮೆ ತಪ್ಪಿತು.

ಅವರ ಸಿಟ್ಟಿನಲ್ಲಿ ನ್ಯಾಯ ಇಲ್ಲದಿರಲಿಲ್ಲ. ಮಗಳು ಬಿ.ಎಡ್. ಮಾಡಲಿ ಎಂದು ಅವರು ಆಸೆಪಟ್ಟಿದ್ದರು. ಮೇಷ್ಟ್ರ ಕೆಲಸ ಎಂದರೆ ನಾಲ್ಕು ಜನಕ್ಕೆ ಅರ್ಥವಾಗುತ್ತದೆ. ಸಮಾಜಕಾರ್ಯ ಎಂದರೆ? “ಸಮಾಜ ಸೇವೆ ಮಾಡೋಕೂ ಕಾಲೇಜು ಬೇಕೇನಯ್ಯ?” ಎಂದು ಡಿಪೊದ ಗೆಳೆಯರು ನಕ್ಕಿದ್ದುಂಟು. ಆಗೆಲ್ಲ ಮಗಳ ಪರವಾಗಿ ವಾದಿಸಿದವರೇ ಈಗ ಸೋತವರಂತೆ ಹಣ ಕಳಿಸಿದರು.

ಆದರೆ ಮಗಳು ಅಪ್ಪನಿಗೆ ಹೇಳದಿದ್ದ ಸಂಗತಿಯೊಂದಿತ್ತು. ಎರಡು ವಾರಗಳಿಂದ ಅವಳು ಬಿ.ಎಡ್. ಅರ್ಜಿಯನ್ನು ತುಂಬಿ ಇಟ್ಟುಕೊಂಡಿದ್ದಳು. ಕಳಿಸುವುದೊಂದೇ ಬಾಕಿ.

ಎಂ.ಎಸ್.ಡಬ್ಲ್ಯು. ಎಂದರೆ ವಾರವಿಡೀ ಕುಳಿತು ಪಾಠ ಕೇಳುವ ಓದಲ್ಲ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಇರುತ್ತದೆ. ಒಬ್ಬರನ್ನು ಆಸ್ಪತ್ರೆಗೆ, ಒಬ್ಬರನ್ನು ಬಾಲಮಂದಿರಕ್ಕೆ, ಮತ್ತೊಬ್ಬರನ್ನು ಕಾರ್ಖಾನೆಗೋ ಕೊಳೆಗೇರಿಗೋ ಕಳಿಸುತ್ತಾರೆ. ಅಲ್ಲಿ ಜನರೊಡನೆ ಕೆಲಸ ಮಾಡಿ, ವರದಿ ಬರೆದು, ಮಾರ್ಗದರ್ಶಕ ಅಧ್ಯಾಪಕರ ಮುಂದಿಡಬೇಕು. ಈ ಹುಡುಗಿಗೆ ಸಿಕ್ಕಿದ್ದು ಆಸ್ಪತ್ರೆಯೊಂದರ ಮಹಿಳಾ ವಾರ್ಡು. ಮಂಗಳವಾರ ಮತ್ತು ಗುರುವಾರ.

ಅಲ್ಲಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯೊಬ್ಬರಿದ್ದರು. ಸೇರಿಸಿ ಹೋದ ಮಗ ಮತ್ತೆ ತಿರುಗಿ ನೋಡಿರಲಿಲ್ಲ. ಅವನು ಕೊಟ್ಟ ನಂಬರಿಗೆ ಫೋನು ಹೋಗುತ್ತಿರಲಿಲ್ಲ. ಹುಡುಗಿ ಮಂಚದ ಪಕ್ಕ ಕುಳಿತು ಊರು, ಕೇರಿ, ನೆಂಟರು ಎಂದು ಒಂದೊಂದೇ ಕೇಳಿ ತಿಳಿದಳು. ಆ ಊರಿನ ಪಂಚಾಯಿತಿ ಸದಸ್ಯರ ಮೂಲಕ ಮಗನ ಹೊಸ ನಂಬರು ಹಿಡಿದಳು. ಆರು ಸಲ ಫೋನು ಎತ್ತದವನು ಏಳನೆಯ ಸಲ ಎತ್ತಿ, “ಭಾನುವಾರ ಬರ್ತೀನಿ ಮೇಡಂ” ಎಂದ. ಗುರುವಾರ ಹುಡುಗಿ ಸಂಭ್ರಮದಿಂದ ಹೇಳಿದಳು: “ಅಜ್ಜಿ, ಭಾನುವಾರ ನಿಮ್ಮ ಮಗ ಬರ್ತಾರೆ. ಮಂಗಳವಾರ ಬಂದು ಎಲ್ಲಾ ಕೇಳ್ತೀನಿ.”

ಮಂಗಳವಾರ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಇದ್ದರು. ಅಜ್ಜಿ ಶನಿವಾರ ಬೆಳಗಿನ ಜಾವ ತೀರಿಕೊಂಡರೆಂದು ನರ್ಸ್ ಹೇಳಿದರು. ಮಗ ಭಾನುವಾರ ಬಂದಿದ್ದ. ಬಂದದ್ದು ಶವ ಒಯ್ಯಲು.

ಅಂದಿನ ವರದಿಯಲ್ಲಿ ಹುಡುಗಿ ಬರೆದದ್ದು ಒಂದೇ ಸಾಲು: ‘ರೋಗಿ ಮೃತಪಟ್ಟ ಕಾರಣ ಪ್ರಕರಣ ಮುಕ್ತಾಯವಾಗಿದೆ.’ ಅಧ್ಯಾಪಕರು ಸಹಿ ಹಾಕಿ ಮುಂದಿನ ಪುಸ್ತಕ ತೆಗೆದುಕೊಂಡರು. ಪ್ರಕರಣವೇನೋ ಮುಗಿಯಿತು, ಅವಳಿಗೆ ಮುಗಿಯಲಿಲ್ಲ. ಇನ್ನೆರಡು ದಿನ ಮೊದಲೇ ನಂಬರು ಹುಡುಕಿದ್ದರೆ? ರಾತ್ರಿ ನಿದ್ದೆ ಹತ್ತದು, ತಟ್ಟೆಯ ಅನ್ನ ಸೇರದು. ಮುಂದಿನ ಎರಡು ಮಂಗಳವಾರ ಜ್ವರವೆಂದು ಹೇಳಿ ಹಾಸ್ಟೆಲ್ಲಿನಲ್ಲೇ ಮಲಗಿದಳು. ಬಿ.ಎಡ್. ಅರ್ಜಿ ತುಂಬಿದ್ದು ಆಗಲೇ.

ಇಂಥ ಸ್ಥಿತಿಯಲ್ಲಿ ಅವಳು ಕಾರ್ಯಾಗಾರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು.

ಮೊದಲ ದಿನದ್ದು ಕಸುಬಿನ ಮಾತು. ವರದಿ ಬರೆಯುವಾಗ ಕಣ್ಣಿಂದ ಕಂಡದ್ದು, ಬೇರೆಯವರು ಹೇಳಿದ್ದು, ತಾನು ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆ ಇಡಬೇಕು ಎಂದರು. ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೂ ಇದೇ ನಿಯಮವಲ್ಲವೇ? ಕಾಯಿದೆಯ ವಿಷಯವೂ ಬಂತು. ಮಗುವೊಂದು ತನಗಾದ ಲೈಂಗಿಕ ಕಿರುಕುಳವನ್ನು ಹೇಳಿಕೊಂಡರೆ, 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡುವಂತಿಲ್ಲ. ಒಳ್ಳೆಯ ಮನಸ್ಸೊಂದೇ ಸಾಲದು, ತಿಳಿವಳಿಕೆಯೂ ಬೇಕು ಎನ್ನಲು ಇದಕ್ಕಿಂತ ಉದಾಹರಣೆ ಬೇಡ.

ಡಿಪೊದ ಗೆಳೆಯರು ಕೇಳಿದ ಪ್ರಶ್ನೆ ಹೊಸದೇನಲ್ಲ. 1915ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಸಮ್ಮೇಳನವೊಂದರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞರು, ಸಮಾಜಕಾರ್ಯವು ಒಂದು ವೃತ್ತಿಯೇ ಎಂದು ಕೇಳಿ, ಪೂರ್ಣ ಅರ್ಥದಲ್ಲಿ ಇನ್ನೂ ಅಲ್ಲ ಎಂದು ಉತ್ತರಿಸಿದ್ದರು. ಎರಡೇ ವರ್ಷದಲ್ಲಿ, 1917ರಲ್ಲಿ, ಮೇರಿ ರಿಚ್ಮಂಡ್ ಅವರ ‘ಸೋಷಿಯಲ್ ಡಯಗ್ನೋಸಿಸ್’ ಗ್ರಂಥ ಬಂತು. ಕಷ್ಟದಲ್ಲಿರುವವರ ಸಂಗತಿಗಳನ್ನು ಕ್ರಮಬದ್ಧವಾಗಿ ತಿಳಿಯುವ ಬಗೆಯನ್ನು ಅದು ವಿವರಿಸಿತು. ಭಾರತದಲ್ಲಿ ಈ ಶಿಕ್ಷಣ ಆರಂಭವಾದದ್ದು 1936ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಶಾಲೆಯಿಂದ. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಶುರುವಾಯಿತು.

ಆದರೂ ಈ ವೃತ್ತಿಗೆ ಒಂದು ವೈಚಿತ್ರ್ಯ ಉಳಿದೇ ಇದೆ. ಬಡಗಿಗೆ ಉಳಿಯುಂಟು, ವೈದ್ಯನಿಗೆ ಸ್ಟೆತೊಸ್ಕೋಪುಂಟು. ಸಮಾಜ ಕಾರ್ಯಕರ್ತನಿಗೆ ಅವನೇ ಉಪಕರಣ. ಕೇಳುವ ಕಿವಿ, ಸೋಲದ ತಾಳ್ಮೆ, ಎದುರಿನವರ ನೋವು ತಟ್ಟುವ ಮನಸ್ಸು ಇವುಗಳಿಂದಲೇ ಕೆಲಸ ನಡೆಯಬೇಕು. ಅದು ಮೊಂಡಾದರೆ ಅಂಗಡಿಯಿಂದ ಬೇರೊಂದು ತರಲಾಗದು.

ಎರಡನೆಯ ದಿನ ಬಂದವರು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಹಲವು ವರ್ಷ ದುಡಿದವರು. ಅವರು ಭಾಷಣ ಮಾಡಲಿಲ್ಲ. ಒಬ್ಬೊಬ್ಬರ ಕೈಗೂ ಗೇಣುದ್ದದ ಕಬ್ಬಿಣದ ತಂತಿ ಕೊಟ್ಟು, ಒಂದೇ ಜಾಗದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಲು ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಪಟಪಟನೆ ತಂತಿಗಳು ಮುರಿದವು. ಮುರಿದ ತುದಿ ಮುಟ್ಟಿದರೆ ಬಿಸಿ. “ಯಾವ ಸಲ ಬಗ್ಗಿಸಿದ್ದರಿಂದ ಮುರೀತು?” ಎಂದು ಕೇಳಿದರು. ಕೊನೆಯ ಸಲ ಎಂದರು ಕೆಲವರು. ಎಲ್ಲ ಸಲವೂ ಸೇರಿ ಎಂದ ಒಬ್ಬ ಹುಡುಗ. ಅವನ ಉತ್ತರವೇ ಸರಿ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ಒಂದೇ ಪೆಟ್ಟಿಗೆ ಮುರಿಯದ ಲೋಹ, ಸಣ್ಣ ಸಣ್ಣ ಎಳೆತಗಳು ಮತ್ತೆ ಮತ್ತೆ ಬಿದ್ದಾಗ ಒಳಗೇ ಬಿರುಕು ಬಿಡುತ್ತದೆ.

ದೇಹದ ಒತ್ತಡಕ್ಕೆ ಇಂದು ಎಲ್ಲರೂ ಬಳಸುವ ‘ಸ್ಟ್ರೆಸ್’ ಎಂಬ ಮಾತು ಭೌತಶಾಸ್ತ್ರಕ್ಕೂ ಎಂಜಿನಿಯರಿಂಗಿಗೂ ಮೊದಲೇ ಪರಿಚಿತ. ಬಗೆಬಗೆಯ ಕಷ್ಟಗಳಿಗೆ ದೇಹ ಒಂದೇ ರೀತಿಯಲ್ಲಿ ಮಿಡಿಯುತ್ತದೆಂದು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಬರೆದದ್ದು 1936ರಲ್ಲಿ; ಮುಂದೆ ಆ ಪದ ಅವರಿಂದಲೇ ಜನಪ್ರಿಯವಾಯಿತು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು, ಉಚಿತ ಚಿಕಿತ್ಸಾಲಯಗಳಲ್ಲಿ ಹುರುಪಿನಿಂದ ದುಡಿಯುತ್ತಿದ್ದವರು ಕೆಲಕಾಲದಲ್ಲೇ ಬತ್ತಿಹೋಗುವುದನ್ನು ಗಮನಿಸಿ ‘ಬರ್ನ್‌ಔಟ್’ ಎಂದು ಕರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ವಿವರಿಸಿತು: ಅದು ರೋಗವಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ. ತೀರದ ಸುಸ್ತು, ಕೆಲಸದ ಬಗ್ಗೆ ಬೇಸರ, ‘ನನ್ನಿಂದ ಏನೂ ಆಗದು’ ಎಂಬ ಭಾವ ಇವು ಅದರ ಗುರುತುಗಳು.

ತಂತಿಗೂ ಮನುಷ್ಯನಿಗೂ ಒಂದು ವ್ಯತ್ಯಾಸವುಂಟು. ತಂತಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳಲಾರದು. ವಿಶ್ರಾಂತಿ, ನಿದ್ದೆ, ಕೇಳುವವರು ಸಿಕ್ಕರೆ ಮನುಷ್ಯ ಚೇತರಿಸಿಕೊಳ್ಳುತ್ತಾನೆ.

ಆಮೇಲೆ ಬಂತು ಆ ಉಸಿರಾಟದ ಪಾಠ. ಮಣಿಕಟ್ಟಿನ ನಾಡಿ ಹಿಡಿದು ಕೂರಲು ಹೇಳಿದರು. ಉಸಿರು ಒಳಗೆಳೆದಾಗ ನಾಡಿ ತುಸು ಚುರುಕು, ನಿಧಾನವಾಗಿ ಬಿಟ್ಟಾಗ ತುಸು ಮಂದ. ಹೃದಯದ ವೇಗವನ್ನು ತಗ್ಗಿಸುವ ವೇಗಸ್ ನರದ ಕೆಲಸ ಇದು. ಉಸಿರು ಬಿಡುವುದನ್ನು ದೀರ್ಘ ಮಾಡಿದಷ್ಟೂ ಎದೆಬಡಿತ ಶಾಂತವಾಗುತ್ತದೆ. ಪವಾಡವೇನೂ ಇಲ್ಲ, ಯಾವ ವಿದ್ಯಾರ್ಥಿಯೂ ಮನೆಯಲ್ಲೇ ಪರೀಕ್ಷಿಸಬಹುದು.

ಕೊನೆಗೆ, ಕ್ಷೇತ್ರಕಾರ್ಯದ ವರದಿಯಲ್ಲಿ ಬರೆಯದೆ ಬಿಟ್ಟ ಒಂದು ಸಂಗತಿಯನ್ನು ಹೇಳಬೇಕೆಂದರು. ಬಲವಂತವಿರಲಿಲ್ಲ. ಹಿಂದಿನ ಸಾಲಿನ ಹುಡುಗಿ ಅಜ್ಜಿಯ ವಿಷಯ ಶುರು ಮಾಡಿದವಳು ನಡುವೆ ನಿಲ್ಲಿಸಲಾರದೆ ಹೋದಳು. ‘ಅಳಬೇಡ’ ಎಂದು ಯಾರೂ ಹೇಳಲಿಲ್ಲ. ಅವಳು ಸುಮ್ಮನಾದ ಮೇಲೆ ಆಕೆ ಕೇಳಿದ್ದು ಒಂದೇ ಮಾತು:

“ಮಗ ಬರ್ತಾನೆ ಅನ್ನೋ ಸುದ್ದಿ ಅಜ್ಜಿಗೆ ಯಾರು ಹೇಳಿದ್ದು?”

“ನಾನೇ ಮೇಡಂ.”

“ಹಾಗಾದ್ರೆ ಗುರುವಾರದಿಂದ ಶನಿವಾರದವರೆಗೆ ಅವರಿಗೆ ಮಗ ಬರ್ತಾನೆ ಅಂತ ಗೊತ್ತಿತ್ತು. ಅದನ್ನೂ ನಿನ್ನ ವರದಿಯಲ್ಲಿ ಬರೀ ತಾಯಿ. ಇನ್ನು ಮೇಲೆ ಇಂಥದ್ದಾದ್ರೆ ಅದೇ ದಿನ ಯಾರಿಗಾದ್ರೂ ಹೇಳು.”

ಆ ವಾರ ಊರಿಗೆ ಹೋದಾಗ ಹುಡುಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ಬಿ.ಎಡ್. ಅರ್ಜಿಯನ್ನೂ ಸೇರಿಸಿ. ಅರ್ಜಿಯ ಮಾತು ಬಂದಾಗ ಅಪ್ಪನ ಮುಖ ಅರಳೀತೆಂದು ಅವಳ ಎಣಿಕೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

“ಗಾಡಿ ದಾರೀಲಿ ಕೆಟ್ಟು ನಿಂತ್ಮೇಲೆ ನಮ್ಮ ಹತ್ರ ತಂದ್ರೆ ಏನ್ ಬಂತಮ್ಮ? ಬ್ರೇಕು ಯಾಕೋ ಒಂದು ಕಡೆ ಎಳೀತದೆ ಅಂತ ಡ್ರೈವರು ಅವತ್ತೇ ಪುಸ್ತಕದಲ್ಲಿ ಬರೀಬೇಕು. ನಾವು ರಾತ್ರೀನೇ ನೋಡಿ ಕಳಿಸ್ತೀವಿ. ನಿಮ್ಮ ಕಾಲೇಜಲ್ಲಿ ಅಂಥ ಪುಸ್ತಕ ಇಲ್ವೇನಮ್ಮ?”

“ಇದೆ ಅಪ್ಪ. ಸಹಿ ಹಾಕಿ ಕೊಡ್ತಾರೆ.”

“ಸಹಿ ಹಾಕಿದ್ರೆ ಬ್ರೇಕು ಸರಿ ಹೋಗ್ತದಾ?”

ಮೆಕ್ಯಾನಿಕ್ಕರ ಈ ಪ್ರಶ್ನೆ ಕಾಲೇಜುಗಳು ಯೋಚಿಸಬೇಕಾದದ್ದು. ಸಮಾಜಕಾರ್ಯದ ಶಿಕ್ಷಣದಲ್ಲಿ ವಾರಕ್ಕೊಮ್ಮೆ ಅಧ್ಯಾಪಕರೊಡನೆ ಒಬ್ಬೊಬ್ಬರೇ ಕುಳಿತು ಚರ್ಚಿಸುವ ಪದ್ಧತಿ ಮೊದಲಿನಿಂದಲೂ ಇದೆ. ವರದಿಯ ತಪ್ಪು ತಿದ್ದುವುದಷ್ಟೇ ಅದರ ಉದ್ದೇಶವಲ್ಲ. ವಿದ್ಯಾರ್ಥಿಯ ಮೇಲೆ ಬಿದ್ದ ಭಾರವನ್ನು ಅಳೆಯುವುದೂ ಹೌದು. ಆ ಅರ್ಧ ಗಂಟೆ ಸಹಿಯೊಂದಕ್ಕೆ ಕುಗ್ಗಿದರೆ, ವರ್ಷಕ್ಕೊಮ್ಮೆ ಬ್ಯಾನರು ಕಟ್ಟಿ ನಡೆಸುವ ಕಾರ್ಯಾಗಾರ ಅದನ್ನು ತುಂಬಿಕೊಡದು. ಕಾರ್ಯಾಗಾರ ಬೇಡವೆಂದಲ್ಲ, ಅದು ಬಾಗಿಲು ತೆರೆಯಬಲ್ಲದು. ವಾರವಾರ ಒಳಗೆ ಕರೆದು ಕೂರಿಸುವವರು ಬೇಕು. ಕೆಲಸದ ಹೊರೆಯೇ ಮಿತಿಮೀರಿದಾಗ, ಸಂಬಳವೇ ಸಾಲದಾದಾಗ, ದೀರ್ಘವಾಗಿ ಉಸಿರು ಬಿಡುವುದೊಂದೇ ಪರಿಹಾರ ಎನ್ನುವುದೂ ಸರಿಯಲ್ಲ.

ಪಾಲಕರಿಗೂ ಇಲ್ಲಿ ಕೆಲಸವಿದೆ. ಸಮಾಜಕಾರ್ಯವಿರಲಿ, ನರ್ಸಿಂಗ್ ಇರಲಿ, ವೈದ್ಯಕೀಯವಿರಲಿ, ಇಪ್ಪತ್ತು ದಾಟಿದ ಮಕ್ಕಳು ಸಾವು ನೋವುಗಳನ್ನು ಹತ್ತಿರದಿಂದ ನೋಡಿ ಬರುತ್ತಾರೆ. ಫೋನು ಮಾಡಿದಾಗ ಅಂಕ ಎಷ್ಟು, ಫೀಸು ಎಷ್ಟು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಗೂ ಜಾಗವಿರಲಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಅದನ್ನು ಸೋಮಾರಿತನವೆಂದು ಗದರಬಾರದು. ಮನೆಯವರೊಡನೆ ಹೇಳಿಕೊಳ್ಳಲಾಗದವರಿಗೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ; ಸಂಖ್ಯೆ 14416, ಕರೆ ಉಚಿತ.

ಹುಡುಗಿ ಬಿ.ಎಡ್. ಅರ್ಜಿ ಕಳಿಸಲಿಲ್ಲ. ಮುಂದಿನ ಮಂಗಳವಾರ ಅದೇ ವಾರ್ಡಿಗೆ ಹೋದಳು. ಹೊಸ ರೋಗಿಯ ಹೆಸರು, ಊರು ಬರೆದುಕೊಂಡಳು. ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಪುಸ್ತಕ ಕೊಟ್ಟು, ಸಹಿಗೆ ಕಾಯದೆ, “ಹತ್ತು ನಿಮಿಷ ಮಾತಾಡಬೇಕು ಸರ್” ಎಂದು ಕುರ್ಚಿ ಎಳೆದುಕೊಂಡು ಕುಳಿತಳು. ಅವರು ಪೆನ್ನು ಕೆಳಗಿಟ್ಟರು.

ಈಗ ಪ್ರತಿ ಮಂಗಳವಾರ ರಾತ್ರಿ ಡಿಪೊದಿಂದ ಫೋನು ಬರುತ್ತದೆ. “ಊಟ ಆಯ್ತಾ ಮಗಳೇ?” ಎಂದ ಮೇಲೆ ಅಪ್ಪ ಕೇಳುವ ಎರಡನೆಯ ಮಾತು ಇದು: “ಇವತ್ತು ಗಾಡಿ ಹೇಗೆ ಓಡ್ತು?”