ಹಳದಿಯ ಶಂಖ

ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದಾಗ, ಕಾಮಾಲೆಯವನಿಗೆ ಬಿಳಿಯ ಶಂಖವೂ ಹಳದಿಯಾಗಿ ತೋರುವುದೆಂಬ ದೃಷ್ಟಾಂತವನ್ನು ಗುರುಗಳು ಹೇಳುತ್ತಿದ್ದರು. ಮುಂದೆ ಮೂವತ್ತು ವರುಷ ನಾನೂ ಮಕ್ಕಳಿಗೆ ಅದನ್ನೇ ಹೇಳಿದೆನು. ಅದರ ಭಾರವು ನನಗೆ ತಿಳಿದುದು ಕಳೆದ ದೀಪಾವಳಿಯಲ್ಲಿ, ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ.

ನನ್ನ ಕಿರಿಯ ಮಗಳು ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕನ್ಫೋಕಲ್ ಲೇಸರ್ ಸೂಕ್ಷ್ಮದರ್ಶಕದಿಂದ ಜೀವಕೋಶಗಳನ್ನು ಪರೀಕ್ಷಿಸುವವಳು. ಈ ಯಂತ್ರದ ಮೂಲತತ್ತ್ವಕ್ಕೆ 1957ರಲ್ಲಿ ಅಮೇರಿಕದ ಮಾರ್ವಿನ್ ಮಿನ್‌ಸ್ಕಿ ಎಂಬವರು ಪೇಟೆಂಟನ್ನು ಬೇಡಿದ್ದರು. ಕಿರಣವು ವಸ್ತುವನ್ನು ಬಿಂದುಬಿಂದುವಾಗಿ ಸವರುವುದು; ಅತಿಸೂಕ್ಷ್ಮವಾದ ಒಂದು ರಂಧ್ರವು ನಾಭಿಯಿಂದ ಬಂದ ಬೆಳಕನ್ನು ಮಾತ್ರ ಒಳಬಿಟ್ಟು, ಮೇಲು ಕೆಳಗಿನ ಮಸುಕನ್ನು ತಡೆಯುವುದು.

ಅವಳು ಒಂದು ಪ್ರೋಟೀನಿಗೆ ಹಸುರು, ಇನ್ನೊಂದಕ್ಕೆ ಕೆಂಪು ಹೊಳೆಯುವ ಬಣ್ಣವನ್ನು ಕೂಡಿಸಿದ್ದಳು. ಎರಡೂ ಒಂದೆಡೆ ಇದ್ದಲ್ಲಿ ಚಿತ್ರವು ಹಳದಿಯಾಗಬೇಕು. ಚಿತ್ರದ ತುಂಬ ಹಳದಿಯೇ! ಲೇಖನವು ಸಿದ್ಧವಾಗಿತ್ತು, ಕಳಿಸುವುದೊಂದೇ ಬಾಕಿ. ಆದರೂ ಮಗಳ ಮುಖದಲ್ಲಿ ಗೆಲವಿರಲಿಲ್ಲ.

"ಅಪ್ಪಾ, ಈ ಹಳದಿ ಭಾಳ ಛಲೋ ಬಂದದ. ಅದಕ್ಕ ನನಗ ಸಂಶಯ."

ನನಗೆ ಯಂತ್ರ ತಿಳಿಯದು, ಅನ್ವಯ-ವ್ಯತಿರೇಕಗಳು ತಿಳಿಯುವವು. "ಕೆಂಪು ಹಾಕದನ ನೋಡೀಯೇನವ್ವಾ?" ಎಂದೆನು.

ಅವಳು ತುಸು ಹೊತ್ತು ಸುಮ್ಮನಿದ್ದು, "ನೋಡಬೇಕಂತ ಗೊತ್ತದ. ಅಂಜಿ ಬಿಟ್ಟೀನಿ" ಎಂದಳು.

ಹಿಂದಿರುಗಿದ ಮರುದಿನವೇ ಹಸುರೊಂದನ್ನೇ ಹಾಕಿದ ಗಾಜನ್ನು ಯಂತ್ರದಲ್ಲಿ ಇಟ್ಟಳು. ಕೆಂಪನ್ನು ಹಿಡಿಯುವ ಗ್ರಾಹಕದಲ್ಲಿಯೂ ಚಿತ್ರವು ಮೂಡಿತು! ಹಸುರಿನ ಬೆಳಕು ತನ್ನ ಸೀಮೆಯಲ್ಲಿ ನಿಲ್ಲದೆ ಕೆಂಪಿನ ಕಡೆಗೂ ಬಾಲವನ್ನು ಚಾಚುವುದು. ಎರಡು ಲೇಸರುಗಳನ್ನೂ ಒಮ್ಮೆಲೇ ಹಚ್ಚಿದ್ದರಿಂದ ಆ ಸೋರಿಕೆಯು ಕೆಂಪಿನ ಲೆಕ್ಕದಲ್ಲಿ ಸೇರಿತ್ತು. ಬಳಿಕ ಮೊದಲು 488 ನ್ಯಾನೋಮೀಟರಿನ ಲೇಸರನ್ನು ಹಚ್ಚಿ ಹಸುರನ್ನಷ್ಟೇ, ಆಮೇಲೆ 561ರದನ್ನು ಹಚ್ಚಿ ಕೆಂಪನ್ನಷ್ಟೇ ಹಿಡಿದಳು. ಹಳದಿಯ ಬಹುಭಾಗವು ಕರಗಿಹೋಯಿತು.

ನಮ್ಮೂರ ಗೋಲಗುಮ್ಮಟದ ಮೇಲಂಕಣದಲ್ಲಿ ಒಬ್ಬನು ಚಪ್ಪಾಳೆ ತಟ್ಟಿದರೆ ಹಲವರು ತಟ್ಟಿದಂತೆ ಕೇಳುವುದನ್ನು ವಾಚಕರು ಬಲ್ಲರು. ಎಣಿಸುವವನು ಪ್ರಾಮಾಣಿಕನೇ, ಎಣಿಕೆ ಮಾತ್ರ ಗುಮ್ಮಟದ್ದು, ಜನರದಲ್ಲ.

ಆ ರಾತ್ರಿ ಫೋನು ಮಾಡಿ, ಗುರುಗಳಿಗೆ ಎಲ್ಲವನ್ನೂ ಹೇಳಿ ಲೇಖನವನ್ನು ತಡೆದೆನೆಂದಳು. ಧ್ವನಿ ಭಾರವಾಗಿತ್ತು. ನಾನು ಸಮಾಧಾನ ಹೇಳಲಿಲ್ಲ, "ಊಟ ಆತೇನವ್ವಾ?" ಎಂದಷ್ಟೇ ಕೇಳಿದೆನು.

ಕೋಶದ ಒಂದು ಅಂಚಿನಲ್ಲಿ ತುಸು ಹಳದಿಯು ಇನ್ನೂ ಉಳಿದಿರುವುದಂತೆ. ಅದನ್ನು ನಂಬುವ ಮುನ್ನ, ಈಗ ಕೆಂಪೊಂದನ್ನೇ ಹಾಕಿ ಪರೀಕ್ಷಿಸುತ್ತಿರುವಳು.