ಬಣ್ಣದ ಕೆಸುವಿನ ಊರಿನಲ್ಲಿ

ಅಮೆರಿಕೆಯ ಫ್ಲಾರಿಡಾ ರಾಜ್ಯದ ಮಧ್ಯಭಾಗದಲ್ಲಿ ಲೇಕ್ ಪ್ಲಾಸಿಡ್ ಎಂಬ ಚಿಕ್ಕ ಊರೊಂದಿದೆ. ಸುತ್ತಲೂ ಸರೋವರಗಳು, ಅಂಗಡಿಮುಂಗಟ್ಟುಗಳ ಗೋಡೆಗಳ ಮೇಲೆ ಊರಿನ ಚರಿತ್ರೆಯನ್ನು ಹೇಳುವ ದೊಡ್ಡ ದೊಡ್ಡ ವರ್ಣಚಿತ್ರಗಳು. ಈ ಊರನ್ನು ಕಾಣಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿದ್ದು ಸರೋವರಗಳಿಗಾಗಿಯೂ ಅಲ್ಲ, ಚಿತ್ರಗಳಿಗಾಗಿಯೂ ಅಲ್ಲ, ಒಂದು ಗಡ್ಡೆಗಾಗಿ. ಸಸ್ಯಶಾಸ್ತ್ರಜ್ಞರು ಕ್ಯಾಲೇಡಿಯಂ ಎಂದು ಕರೆಯುವ, ನಮ್ಮ ಮನೆಯಲ್ಲಿ ‘ಬಣ್ಣದ ಕೆಸು’ ಎಂದೇ ಹೆಸರಾಗಿದ್ದ ಅಲಂಕಾರದ ಗಿಡವೊಂದುಂಟು. ಜಗತ್ತಿನಲ್ಲಿ ಮಾರಾಟವಾಗುವ ಅದರ ಗಡ್ಡೆಗಳಲ್ಲಿ ಹತ್ತು ಪಾಲಿಗೆ ಒಂಬತ್ತು ಪಾಲಿಗೂ ಮಿಗಿಲಾದುವು ಈ ಊರಿನ ಸುತ್ತಮುತ್ತಲ ಹೊಲಗಳಲ್ಲಿಯೇ ಬೆಳೆಯುತ್ತವೆ.

ಆ ಗಡ್ಡೆಗೂ ನನಗೂ ಇರುವ ಋಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಠದ ಪ್ರಸಾದನಿಲಯದಲ್ಲಿ ಬೆಳೆದ ನನಗೆ ಗಿಡವೆಂದರೆ ಬಿಲ್ವ, ಕಣಗಿಲೆ, ಮಲ್ಲಿಗೆ. ಇಲ್ಲವೇ ನುಗ್ಗೆ, ಕರಿಬೇವು. ಪೂಜೆಗೆ ಹೂವನ್ನೂ ಅಡಿಗೆಗೆ ಎಲೆಯನ್ನೂ ಕೊಡದ ಗಿಡಕ್ಕೆ ನೀರೆರೆಯುವುದು ವ್ಯರ್ಥ ಶ್ರಮವೆಂದೇ ನಾನು ಎಣಿಸಿದ್ದೆ. ಧಾರವಾಡದ ನಮ್ಮ ಮನೆಯ ಮುಂಗಟ್ಟೆಯ ಮೇಲೆ ನಮ್ಮ ಮನೆಯವರು ಒಂಬತ್ತು ಕುಂಡಗಳಲ್ಲಿ ಬಣ್ಣದ ಕೆಸುವನ್ನು ಬೆಳೆಸಿದ್ದರು. ನಾನು ಓದುತ್ತ ಕುಳಿತ ಜಾಗದಿಂದ ಮೂರು ಮಾರು ದೂರದಲ್ಲಿ ಅವು ಇಪ್ಪತ್ತು ವರ್ಷ ಇದ್ದುವು. ಒಮ್ಮೆಯೂ ನಾನು ಅವನ್ನು ಕಣ್ಣಿಟ್ಟು ನೋಡಿದವನಲ್ಲ.

2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಡಿಸೆಂಬರಿನ ವೇಳೆಗೆ ಒಂಬತ್ತೂ ಕುಂಡಗಳ ಎಲೆಗಳು ಒಂದೊಂದಾಗಿ ಬಾಗಿ, ಒಣಗಿ, ಉದುರಿದುವು. ಅವರು ಬಿಟ್ಟುಹೋದುದನ್ನು ಎರಡು ತಿಂಗಳೂ ಕಾಯಲಾರದವನಾದೆನಲ್ಲ ಎಂಬ ಗಾಬರಿಯಲ್ಲಿ ದಿನಕ್ಕೆ ಎರಡು ಹೊತ್ತು ನೀರೆರೆದೆ, ಗೊಬ್ಬರ ಹಾಕಿಸಿದೆ. ಜನವರಿಯಲ್ಲಿ ಮಣ್ಣಿನಿಂದ ಕೊಳೆತ ನಾತ ಬಂದಿತು. ಕುಂಡಗಳನ್ನೆಲ್ಲ ಹಿತ್ತಲ ಮೂಲೆಯಲ್ಲಿ ಬೋರಲು ಹಾಕಿಸಿ ತೊಳೆದಿಟ್ಟೆ. ಮುಂದಿನ ಜೂನ್ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ, ಆ ಮಣ್ಣಿನ ಗುಡ್ಡೆಯ ಅಂಚಿನಲ್ಲಿ, ನುಗ್ಗೆಯ ಮರದ ನೆರಳಿನಲ್ಲಿ, ಸುತ್ತಿಕೊಂಡ ಎಲೆಯೊಂದು ಎದ್ದಿತು. ಬಿಚ್ಚಿಕೊಂಡಾಗ ನೋಡಿದರೆ ಅಚ್ಚ ಬಿಳಿಯ ಎಲೆ, ಹಸಿರು ನರ. ಒಂದೇ ಒಂದು ಗಡ್ಡೆ ನನ್ನ ಆರೈಕೆಯಿಂದ ಪಾರಾಗಿ ಬದುಕಿತ್ತು.

2023ರ ಜುಲೈ ತಿಂಗಳಲ್ಲಿ ಆರ್ಲ್ಯಾಂಡೊ ನಗರದಲ್ಲಿರುವ ಮಗಳ ಮನೆಗೆ ಹೋದಾಗ, ಲೇಕ್ ಪ್ಲಾಸಿಡ್ ಅಲ್ಲಿಂದ ಎರಡು ಗಂಟೆಯ ದಾರಿಯೆಂದು ತಿಳಿಯಿತು. ಮೊಮ್ಮಗಳನ್ನೂ ಕರೆದುಕೊಂಡು ಹೊರಟೆವು. ಆರ್ಲ್ಯಾಂಡೊ ಸಮೀಪದ ಗೋಥಾ ಎಂಬ ಹಳ್ಳಿಯೇ ಈ ಗಿಡದ ಕಥೆಯಲ್ಲಿ ದೊಡ್ಡ ಹೆಸರು. ಹೆನ್ರಿ ನೇರ್ಲಿಂಗ್ ಎಂಬ ಪ್ರಕೃತಿ ವಿಜ್ಞಾನಿ 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ ಬ್ರೆಜಿಲ್ ದೇಶದವರು ಇರಿಸಿದ್ದ ಕ್ಯಾಲೇಡಿಯಂಗಳನ್ನು ಕಂಡು ಮರುಳಾಗಿ, ಗೋಥಾದ ತನ್ನ ತೋಟದಲ್ಲಿ ಪರಾಗಸ್ಪರ್ಶ ಮಾಡಿಸಿ ನೂರಾರು ಹೊಸ ತಳಿಗಳನ್ನು ಪಡೆದನು. ಅದೇ ಪ್ರದರ್ಶನದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿಯೇ ವಿವೇಕಾನಂದರು ಮಾತನಾಡಿದ್ದು. ನಮಗೆ ಆ ವರ್ಷದ ನೆನಪು ಒಂದು ಭಾಷಣದಿಂದ. ಫ್ಲಾರಿಡಾದ ರೈತರಿಗೆ ಒಂದು ಎಲೆಯಿಂದ.

ದಾರಿಯ ಇಕ್ಕೆಲಗಳಲ್ಲಿ ಕಿತ್ತಳೆಯ ತೋಟಗಳು, ಹಲವು ಬರಡಾಗಿದ್ದುವು. ಎಲೆಗಳನ್ನು ಹಳದಿಯಾಗಿಸಿ ಮರವನ್ನೇ ಸೊರಗಿಸುವ ರೋಗವೊಂದು 2005ರಲ್ಲಿ ಅಲ್ಲಿ ಕಾಣಿಸಿಕೊಂಡು ಬೆಳೆಯನ್ನು ನೆಲ ಕಚ್ಚಿಸಿದೆ.

ಊರನ್ನು ಸೇರಿದ ಮೇಲೆ ನನ್ನಂಥ ಪುಸ್ತಕದ ಹುಳಕ್ಕೆ ಅನಿರೀಕ್ಷಿತ ಸಂತೋಷವೊಂದು ಕಾದಿತ್ತು. ಈ ಊರಿನ ಹಳೆಯ ಹೆಸರು ಲೇಕ್ ಸ್ಟರ್ನ್ಸ್. 1927ರಲ್ಲಿ ಅದಕ್ಕೆ ಈಗಿನ ಹೆಸರು ಬರುವಂತೆ ಮಾಡಿದವನು ಮೆಲ್ವಿಲ್ ಡ್ಯೂಯಿ. ಗ್ರಂಥಾಲಯಗಳಲ್ಲಿ ಪುಸ್ತಕಗಳ ಬೆನ್ನಿಗೆ ದಶಾಂಶದ ಅಂಕಿಗಳನ್ನು ಅಂಟಿಸುವ ಪದ್ಧತಿಯನ್ನು 1876ರಲ್ಲಿ ಪ್ರಕಟಿಸಿದ ಮಹನೀಯನೇ ಇವನು. ಅವನು 1931ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಅವನ ಲೆಕ್ಕದಲ್ಲಿ ಅಲಂಕಾರದ ಗಿಡಗಳಿಗೆ 635.9 ಎಂಬ ಅಂಕಿ. ಆಯುಷ್ಯದ ಬಹುಭಾಗವನ್ನು ಗ್ರಂಥಭಂಡಾರಗಳಲ್ಲಿ ಕಳೆದಿದ್ದರೂ ಆ ಅಂಕಿಯ ಕಪಾಟಿನ ಕಡೆಗೆ ನಾನು ಕಾಲಿಟ್ಟಿರಲಿಲ್ಲ.

ಹೊಲಗಳು ಊರಿನ ಹೊರಗೆ, ಇಸ್ಟೊಕ್‌ಪೋಗಾ ಎಂಬ ವಿಶಾಲ ಸರೋವರದ ಕಡೆಗೆ ಇವೆ. ಎತ್ತರದ ಮರಳು ನೆಲ ಮುಗಿದು ಥಟ್ಟನೆ ಕರಿಯ ಮಣ್ಣು ಮೊದಲಾಗುತ್ತದೆ. ನಮ್ಮ ಎರೆಯ ಮಣ್ಣಿನಂತೆ ಜಿಗುಟಲ್ಲ; ಹಿಡಿದರೆ ಹಗುರ, ಹಿಂಡಿದರೆ ನೀರು. ಜವುಗು ನೆಲದಲ್ಲಿ ಸಹಸ್ರಾರು ವರ್ಷ ಕೊಳೆತ ಸಸ್ಯರಾಶಿಯೇ ಈ ಮಣ್ಣು. ನೀರನ್ನು ಬಸಿದು ಹೊಲ ಮಾಡಿದ ಮೇಲೆ ಗಾಳಿ ತಾಗಿ ಅದು ನಿಧಾನವಾಗಿ ಕರಗಿ, ನೆಲ ವರ್ಷವರ್ಷಕ್ಕೂ ತಗ್ಗುತ್ತದೆಯಂತೆ. ಆ ಕರಿಯ ನೆಲದ ಮೇಲೆ ಕಣ್ಣು ಹಾಯುವವರೆಗೆ ಪಟ್ಟೆಪಟ್ಟೆಯಾಗಿ ಕೆಂಪು, ಗುಲಾಬಿ, ಬಿಳಿ, ಮತ್ತೆ ಕೆಂಪು! ಇಳಕಲ್ಲಿನ ಸೀರೆಗಳನ್ನು ಬಿಸಿಲಿಗೆ ಹರವಿದಂತೆ ಎಂದು ಮಗಳು ಹೇಳಿದಳು. ಜುಲೈ ಕೊನೆಯ ವಾರಾಂತ್ಯದಲ್ಲಿ ಊರವರು ಈ ಗಿಡದ ಹೆಸರಿನಲ್ಲಿ ಉತ್ಸವ ಮಾಡುತ್ತಾರೆ. ನಾವು ಹೋದದ್ದು ಅದಕ್ಕೆ ಒಂದು ವಾರ ಮೊದಲು, ಜನಜಂಗುಳಿಯಿರಲಿಲ್ಲ.

ಹೊಲದ ಅಂಚಿನಲ್ಲಿ ಹಿರಿಯ ಕೆಲಸಗಾರರೊಬ್ಬರು ಸಿಕ್ಕಿದರು. ಅವರ ಮಾತು ಸ್ಪ್ಯಾನಿಷ್. ಶಾಲೆಯಲ್ಲಿ ಆ ಭಾಷೆಯನ್ನು ಕಲಿಯುತ್ತಿರುವ ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಂದಳು. ಮಗಳು ಕನ್ನಡಕ್ಕೆ ತಂದಳು. ಹೀಗೆ ಮೂರು ಭಾಷೆಗಳನ್ನು ದಾಟಿ ನನ್ನ ಪ್ರಶ್ನೆ ಅವರನ್ನು ಮುಟ್ಟಿತು: ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿದಾಗ ಏನು ಮಾಡಬೇಕು? ಅವರು ನಕ್ಕು, ಏನೂ ಮಾಡಬಾರದು ಎಂದರು.

ಈ ಗಿಡದ ತವರು ದಕ್ಷಿಣ ಅಮೆರಿಕೆಯ ಮಳೆಕಾಡು. ಅಲ್ಲಿ ಮಳೆಯ ಕಾಲದಲ್ಲಿ ಎಲೆ ಬಿಡುತ್ತದೆ. ಒಣ ಕಾಲದಲ್ಲಿ ಎಲೆಯನ್ನು ಕಳೆದುಕೊಂಡು ನೆಲದೊಳಗೆ ನಿದ್ರಿಸುತ್ತದೆ. ಎಲೆಯಿಲ್ಲದ ಗಡ್ಡೆ ನೀರು ಕುಡಿಯಲಾರದು. ಆಗ ಎರೆದ ನೀರು ಅದನ್ನು ಕೊಳೆಸುತ್ತದೆ. ಲೇಕ್ ಪ್ಲಾಸಿಡ್ಡಿನವರು ನವೆಂಬರಿನಿಂದ ಗಡ್ಡೆ ಅಗೆದು, ತೊಳೆದು, ಒಣಗಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಬೆಚ್ಚನೆಯ ಕೋಠಿಗಳಲ್ಲಿ ಇಡುತ್ತಾರೆ. ಉಷ್ಣತೆ 16 ಡಿಗ್ರಿಗಿಂತ ಕೆಳಗಿಳಿದರೆ ಗಡ್ಡೆಗೆ ಪೆಟ್ಟು. ಬಿತ್ತನೆಯ ಗಡ್ಡೆಗಳನ್ನು 50 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸುವುದೂ ಉಂಟು. ಜಂತುಹುಳು, ಕೊಳೆರೋಗಗಳು ಸಾಯುತ್ತವೆ, ಗಡ್ಡೆ ಸಾಯುವುದಿಲ್ಲ. ಆ ಹಿರಿಯರು ಬದುವಿನ ಗಿಡವೊಂದನ್ನು ಕಿತ್ತು, ಗಡ್ಡೆಯನ್ನು ನನ್ನ ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಗಟ್ಟಿಯಿದ್ದರೆ ಜೀವವಿದೆ, ಮೆತ್ತಗಿದ್ದರೆ ಇಲ್ಲ. ನನ್ನ ಕೈಯಲ್ಲಿದ್ದುದು ಗಟ್ಟಿಯಾಗಿತ್ತು. ಧಾರವಾಡದಲ್ಲಿ ಅಂದು ನಾನು ಒಂದನ್ನೂ ಒತ್ತಿ ನೋಡಿರಲಿಲ್ಲ.

ಬಿಳಿಯ ಎಲೆ, ಹಸಿರು ನರದ ಪಟ್ಟೆಯೂ ಅಲ್ಲಿತ್ತು. ಅದರ ಹೆಸರು ಕ್ಯಾಂಡಿಡಂ. ಹತ್ತೊಂಬತ್ತನೆಯ ಶತಮಾನದ ಹಳೆಯ ತಳಿ. ನಮ್ಮ ಹಿತ್ತಲಿನದು ಅದೇ ಎಂದು ಆಣೆಯಿಟ್ಟು ಹೇಳಲಾರೆ, ಆದರೆ ಆ ಪಟ್ಟೆಯ ಮುಂದೆ ಬಹಳ ಹೊತ್ತು ನಿಂತೆ. ನಾಲ್ಕು ಗಡ್ಡೆಗಳನ್ನು ಚೀಲಕ್ಕೆ ಸೇರಿಸುವ ಆಸೆಯಾಯಿತು. ರೋಗ ಹರಡೀತೆಂದು ದೇಶದೇಶಗಳ ನಡುವೆ ಕಾಯಿದೆಗಳಿವೆ ಎಂದು ಮಗಳು ಎಚ್ಚರಿಸಿದಳು; ಸರಿಯೆನಿಸಿತು, ಬಿಟ್ಟೆ.

ಬೆಳೆಸಬಯಸುವ ತಾಯಂದಿರಿಗೆ ಎರಡು ಮಾತು. ನೆಲ ಕಾದ ಮೇಲೆಯೇ ಗಡ್ಡೆಯನ್ನು ನೀರು ನಿಲ್ಲದ ಮಣ್ಣಿನಲ್ಲಿ ಎರಡು ಅಂಗುಲ ಆಳಕ್ಕೆ, ಕಣ್ಣು ಮೇಲಾಗುವಂತೆ ಇಡಬೇಕು. ತಲೆಕೆಳಗಾದರೂ ಹುಟ್ಟುತ್ತದೆ, ತಡವಾಗುತ್ತದೆಯಷ್ಟೆ. ನಡುವಿನ ದೊಡ್ಡ ಕಣ್ಣನ್ನು ಚಾಕುವಿನ ತುದಿಯಿಂದ ತೆಗೆದರೆ ಸುತ್ತಲಿನ ಕಣ್ಣುಗಳು ಚಿಗುರಿ ಎಲೆಗಳು ಹೆಚ್ಚುತ್ತವೆ. ಹೊಲದಲ್ಲಿ ಬಯಲ ಬಿಸಿಲಿನಲ್ಲಿಯೇ ಬೆಳೆಯುತ್ತಾರಾದರೂ ಅಲ್ಲಿ ಬೇರಿಗೆ ಸದಾ ತೇವ. ಕುಂಡಕ್ಕೆ ನೆರಳು, ಹೆಚ್ಚೆಂದರೆ ಮುಂಜಾನೆಯ ಎಳೆಬಿಸಿಲು ಸಾಕು. ಪತ್ರೊಡೆ ಮಾಡುವ ಕೆಸುವಿಗೆ ಇದು ದಾಯಾದಿಯೆಂದು ಯಾರೂ ಅಡಿಗೆಗೆ ತರಬಾರದು. ಎಲೆ, ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಕುಂಡ ಕೈಗೆಟುಕದಿರಲಿ.

ನಮ್ಮ ಮನೆಯ ಅಟ್ಟದ ಮೇಲೆ ಬಿದಿರ ಬುಟ್ಟಿಯೊಂದರಲ್ಲಿ ಒಣ ಮರಳಿನ ನಡುವೆ ಈಗ ಹನ್ನೊಂದು ಗಡ್ಡೆಗಳಿದ್ದುವು. ಎಲ್ಲವೂ ನುಗ್ಗೆಯ ಮರದಡಿಯ ಆ ಒಂದರ ಸಂತತಿ. ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ. ಹೋದ ಸಲ ಒಂದು ಮೆತ್ತಗಾಗಿತ್ತು, ತೆಗೆದುಹಾಕಿದೆ. ಉಳಿದ ಹತ್ತನ್ನು ಬಸವ ಜಯಂತಿಯ ಸುಮಾರಿಗೆ ಕುಂಡಕ್ಕೆ ಇಳಿಸಬೇಕು.